ಮೂಲೆಗುಂಪಿನ ಜೀವನ್ಮರಣ

ಕನ್ನಡದಲ್ಲಿ ‘ಮೂಲೆಗುಂಪು’ ಎಂಬುದು ಒಳ್ಳೆಯ ಮಾತಲ್ಲ. ಬೇಡವಾದ ಸಾಮಾನು ಮೂಲೆಗುಂಪಾಗುತ್ತದೆ. ಬಳಕೆ ತಪ್ಪಿದ ವಿದ್ಯೆ ಮೂಲೆಗುಂಪಾಗುತ್ತದೆ. ಕೇಳುವವರಿಲ್ಲದ ಹಿರಿಯರು ಮೂಲೆಗುಂಪಾಗುತ್ತಾರೆ. ನಡುಮನೆಯಲ್ಲಿರುವುದಕ್ಕೆ ಬೆಲೆ, ಮೂಲೆಯಲ್ಲಿರುವುದಕ್ಕೆ ಧೂಳು ಎಂಬ ಭಾವನೆಯು ನಮ್ಮ ನುಡಿಯಲ್ಲಿಯೇ ಬೆರೆತುಹೋಗಿದೆ. ಆದರೆ ಪೂರ್ವ ಏಷ್ಯದ ಪುರಾತನವಾದ ಒಂದು ಆಟದಲ್ಲಿ ಇದಕ್ಕೆ ವಿರುದ್ಧವಾದ ನ್ಯಾಯವು ನಡೆಯುತ್ತದೆ. ಅಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದುಕತಕ್ಕದ್ದು ಮೂಲೆಯಲ್ಲಿರುವ ಗುಂಪೇ. ಎಚ್ಚರ ತಪ್ಪಿದರೆ ಅತಿ ವಿಚಿತ್ರವಾಗಿ ಸಾಯತಕ್ಕದ್ದೂ ಅದೇ. ಈ ಜೀವನ್ಮರಣದ ಲೆಕ್ಕವನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಆ ಆಟದ ಹೆಸರು ಗೋ. ಜಪಾನೀಯರು ಇದನ್ನು ‘ಇಗೋ’ ಎಂದೂ, ಕೊರಿಯದವರು ‘ಬಾದುಕ್’ ಎಂದೂ, ಚೀನೀಯರು ‘ವೇಯ್‌ಚಿ’ ಎಂದೂ ಕರೆಯುತ್ತಾರೆ. ಚೀನೀ ಹೆಸರಿಗೆ ‘ಸುತ್ತುವರಿಯುವ ಆಟ’ ಎಂದು ಅರ್ಥ. ಚೀನದಲ್ಲಿ ಹುಟ್ಟಿದ ಈ ಆಟಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ವಯಸ್ಸಾಗಿದೆ. ಹಿಮಾಲಯದ ಕಡೆ ಟಿಬೆಟಿನಲ್ಲಿಯೂ ಇದರ ಒಂದು ಪ್ರಭೇದವುಂಟು. ಅದರ ಹೆಸರು ‘ಮಿಗ್‌ಮಾಂಗ್’, ಎಂದರೆ ‘ಬಹು ಕಣ್ಣುಗಳು’. ಆಟಕ್ಕೂ ಕಣ್ಣಿಗೂ ಏನು ಸಂಬಂಧವೆಂಬುದು ಮುಂದೆ ತಿಳಿಯುವುದು.

ಹುಲಿಗೆ ಮೂಲೆಯೇ ಸೆರೆ

ಹೊಸದನ್ನು ತಿಳಿಯಬೇಕಾದರೆ ಪರಿಚಿತವಾದುದರಿಂದ ಹೊರಡುವುದು ಮೇಲು. ಹುಲಿ-ಕುರಿ ಆಟವನ್ನು ನಮ್ಮ ನಾಡಿನ ಊರೂರುಗಳಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಹುಣಿಸೆಬೀಜ, ಕಲ್ಲುಹರಳುಗಳನ್ನಿಟ್ಟು ಆಡುತ್ತಾರೆ. ಹಂಪೆಯ ಹಾಳು ಮಂಟಪಗಳ ನೆಲಗಲ್ಲುಗಳಲ್ಲಿ ಹಿಂದಿನವರು ಕೊರೆದ ಆಟದ ಹಾಸುಗಳು ಇಂದಿಗೂ ಕಾಣಸಿಗುತ್ತವೆ. ದಕ್ಷಿಣದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ತ್ರಿಕೋನದ ಹಾಸು. ಅದಕ್ಕೆ 3 ಹುಲಿ, 15 ಕುರಿ. ನೇಪಾಳದವರು ‘ಬಾಘ್ ಚಾಲ್’ ಎಂದು ಕರೆಯುವ ಚೌಕದ ಹಾಸಿನಲ್ಲಿ 25 ಮನೆಗಳು, 4 ಹುಲಿ, 20 ಕುರಿ. ಲೆಕ್ಕಕ್ಕೆ ಚೌಕವು ಅನುಕೂಲವಾದುದರಿಂದ ಅದನ್ನೇ ತೆಗೆದುಕೊಳ್ಳೋಣ.

ಹುಲಿಯು ಪಕ್ಕದ ಕುರಿಯ ಮೇಲಿಂದ ಹಾರಿ, ಅದರಾಚೆಯ ಮನೆ ಬರಿದಾಗಿದ್ದರೆ ಕುರಿಯನ್ನು ತಿನ್ನುತ್ತದೆ. ಆದುದರಿಂದ ಹುಲಿಯನ್ನು ಕಟ್ಟಬೇಕಾದರೆ ಅದರ ಪಕ್ಕದ ಮನೆಗಳಲ್ಲಿ ಮಾತ್ರವಲ್ಲ, ಅವುಗಳ ಬೆನ್ನಿನ ಮನೆಗಳಲ್ಲಿಯೂ ಕುರಿಗಳಿರಬೇಕು. ಹಾಸಿನ ನಟ್ಟನಡುವೆ ಕುಳಿತ ಹುಲಿಗೆ ಎಂಟು ದಿಕ್ಕುಗಳು ತೆರೆದಿವೆ. ಅದನ್ನು ಕಟ್ಟಲು ಪಕ್ಕಕ್ಕೆ 8, ಬೆನ್ನಿಗೆ 8, ಒಟ್ಟು 16 ಕುರಿಗಳು ಬೇಕು. ಅಂಚಿನ ನಡುಮನೆಯಲ್ಲಿದ್ದರೆ ಐದು ದಿಕ್ಕು, 10 ಕುರಿ. ಮೂಲೆಯಲ್ಲಿದ್ದರೆ ಮೂರೇ ದಿಕ್ಕು, 6 ಕುರಿ ಸಾಕು. ಹುಲಿಗಳು ನಾಲ್ಕು ಮೂಲೆಗಳಿಂದಲೇ ಆಟವನ್ನಾರಂಭಿಸಿದರೂ ಜಾಣನಾದವನು ಅವುಗಳನ್ನು ಬೇಗನೆ ಹೊರಗೆ ತರಲು ಹವಣಿಸುವುದು ಇದೇ ಕಾರಣದಿಂದ. 16, 10, 6 ಎಂಬ ಈ ಮೂರು ಸಂಖ್ಯೆಗಳನ್ನು ನೆನಪಿನಲ್ಲಿಡಿರಿ.

ಉಸಿರು ಮತ್ತು ಕಣ್ಣು

ಗೋ ಆಟದ ಮಣೆಯ ಮೇಲೆ ಅಡ್ಡಲಾಗಿ 19, ಉದ್ದಕ್ಕೆ 19 ಗೆರೆಗಳು. ಕಾಯಿಗಳನ್ನು ಚೌಕಗಳ ಒಳಗಲ್ಲ, ಗೆರೆಗಳು ಕೂಡುವ ಜಾಗಗಳಲ್ಲಿ ಇಡುತ್ತಾರೆ. ಹೀಗೆ ಒಟ್ಟು 361 ಮನೆಗಳಾಗುತ್ತವೆ. ಒಬ್ಬನಿಗೆ ಕರಿಯ ಕಾಯಿ, ಇನ್ನೊಬ್ಬನಿಗೆ ಬಿಳಿಯ ಕಾಯಿ; ಕರಿಯವನು ಮೊದಲು. ಒಬ್ಬರಾದ ಮೇಲೊಬ್ಬರು ಒಂದೊಂದೇ ಕಾಯಿಯನ್ನಿಡುತ್ತಾರೆ. ಇಟ್ಟ ಕಾಯಿಯನ್ನು ಮತ್ತೆ ನಡೆಸುವಂತಿಲ್ಲ. ಹೆಚ್ಚು ಪ್ರದೇಶವನ್ನು ಸುತ್ತುವರಿದವನು ಗೆಲ್ಲುತ್ತಾನೆ.

ಕಾಯಿಯಿಂದ ಗೆರೆಯ ಗುಂಟ ಹೊರಡುವ ಪಕ್ಕದ ಬರಿ ಮನೆಯನ್ನು ಚೀನೀಯರು ‘ಉಸಿರು’ ಎನ್ನುತ್ತಾರೆ. ನಮ್ಮ ಮಾಟುಂಗದ ರಸ್ತೆಗಳನ್ನೇ ಮನಸ್ಸಿಗೆ ತಂದುಕೊಳ್ಳಿರಿ. ನಾಲ್ಕು ರಸ್ತೆ ಕೂಡುವಲ್ಲಿ ನಿಂತವನಿಗೆ ನಾಲ್ಕು ದಾರಿ. ಮೂರು ರಸ್ತೆ ಕೂಡುವಲ್ಲಿ ಮೂರು. ಬೀದಿಯ ತಿರುವಿನಲ್ಲಿ ಎರಡೇ. ಅಂತೆಯೇ ಮಣೆಯ ನಡುವಣ ಕಾಯಿಗೆ ನಾಲ್ಕು ಉಸಿರು, ಅಂಚಿನದಕ್ಕೆ ಮೂರು, ಮೂಲೆಯದಕ್ಕೆ ಎರಡು. ಪಕ್ಕಪಕ್ಕದಲ್ಲಿ ಗೆರೆಯಿಂದ ಕೂಡಿಕೊಂಡ ಒಂದೇ ಬಣ್ಣದ ಕಾಯಿಗಳು ಒಂದು ಗುಂಪಾಗಿ ಉಸಿರನ್ನು ಹಂಚಿಕೊಳ್ಳುತ್ತವೆ. ಎದುರಾಳಿಯು ಎಲ್ಲ ಉಸಿರುಗಳನ್ನೂ ಮುಚ್ಚಿದನೆಂದರೆ ಆ ಗುಂಪು ಸೆರೆಯಾಗಿ ಮಣೆಯಿಂದ ಹೊರಹೋಗುತ್ತದೆ.

ಇಷ್ಟನ್ನು ನೋಡಿದರೆ ಗೋ ಆಟದಲ್ಲಿಯೂ ಮೂಲೆಯು ಸಾವಿನ ಮನೆಯೆಂದೇ ತೋರುವುದು. ಎರಡು ಉಸಿರಿನವನು ನಾಲ್ಕು ಉಸಿರಿನವನಿಗಿಂತ ಬೇಗ ಸಾಯಬೇಕಷ್ಟೆ. ಒಂಟಿ ಕಾಯಿಯ ಮಟ್ಟಿಗೆ ಇದು ನಿಜ. ಆದರೆ ಗುಂಪಿನ ಮಾತು ಬೇರೆ.

ಒಂದು ಗುಂಪು ತನ್ನೊಳಗೆ ಒಂದು ಬರಿ ಮನೆಯನ್ನು ಸುತ್ತುವರಿದುಕೊಂಡಿದೆ ಎನ್ನೋಣ. ಈ ಒಳಮನೆಗೆ ‘ಕಣ್ಣು’ ಎಂದು ಹೆಸರು. ಎದುರಾಳಿಯು ಹೊರಗಿನ ಉಸಿರುಗಳನ್ನೆಲ್ಲ ಮುಚ್ಚಿ, ಕೊನೆಗೆ ಆ ಕಣ್ಣಿನಲ್ಲಿ ಕಾಯಿಯನ್ನಿಟ್ಟರೆ ಗುಂಪು ಸೆರೆಯಾಗುತ್ತದೆ. ಅದೇ ಗುಂಪಿನೊಳಗೆ ಪ್ರತ್ಯೇಕವಾದ ಎರಡು ಕಣ್ಣುಗಳಿದ್ದರೆ? ಉಸಿರಿಲ್ಲದ ಮನೆಯಲ್ಲಿ ಕಾಯಿಯನ್ನು ಇಡಕೂಡದು; ಇಟ್ಟ ಕ್ಷಣವೇ ಎದುರಾಳಿಯ ಕಾಯಿ ಸೆರೆಯಾಗುವುದಾದರೆ ಮಾತ್ರ ಇಡಬಹುದು. ಒಂದು ಕಣ್ಣಿನಲ್ಲಿ ಇಡಲು ಹೋದರೆ ಇನ್ನೊಂದು ಕಣ್ಣು ಉಸಿರಾಗಿ ಉಳಿದಿರುತ್ತದೆ. ಅಲ್ಲಿ ಇಡಲು ಹೋದರೆ ಇದು ಉಳಿದಿರುತ್ತದೆ. ಎರಡನ್ನೂ ಒಂದೇ ಸಲಕ್ಕೆ ಮುಚ್ಚಲು ಯಾರಿಂದಲೂ ಆಗದು. ಆದುದರಿಂದ ಎರಡು ಕಣ್ಣುಳ್ಳ ಗುಂಪಿಗೆ ಸಾವಿಲ್ಲ. ಅದರ ಸುತ್ತ ನೂರು ಕಾಯಿಗಳು ಮುತ್ತಿಗೆ ಹಾಕಿದರೂ ಅದು ಬದುಕಿಯೇ ಇರುತ್ತದೆ. ಗೋ ಆಟದ ಜೀವನ್ಮರಣದ ಶಾಸ್ತ್ರವೆಲ್ಲವೂ ಈ ಒಂದು ಸೂತ್ರದ ವ್ಯಾಖ್ಯಾನವೆಂದರೆ ತಪ್ಪಾಗಲಾರದು.

ಆರು, ಎಂಟು, ಹತ್ತು

ಈಗ ಪ್ರಶ್ನೆಯನ್ನು ಹೀಗೆ ಕೇಳೋಣ: ಎರಡು ಕಣ್ಣು ಕಟ್ಟಿಕೊಂಡು ಬದುಕಲು ಕನಿಷ್ಠ ಎಷ್ಟು ಕಾಯಿಗಳು ಬೇಕು? ಮಣೆಯ ನಡುವೆಯಾದರೆ 10. ಅಂಚಿನಲ್ಲಾದರೆ 8. ಮೂಲೆಯಲ್ಲಾದರೆ 6 ಸಾಕು.

ಹುಲಿಯನ್ನು ಮೂಲೆಯಲ್ಲಿ ಕೊಲ್ಲಲು ಬೇಕಾದುದು 6 ಕುರಿ. ಗೋ ಆಟದಲ್ಲಿ ಮೂಲೆಯಲ್ಲಿ ಬದುಕಲು ಬೇಕಾದುದು 6 ಕಾಯಿ. ಒಂದೇ ಸಂಖ್ಯೆ, ಒಂದು ಕಡೆ ಸಾವು, ಇನ್ನೊಂದು ಕಡೆ ಬದುಕು. ಕಾರಣವು ಸರಳವಾಗಿದೆ. ಮಣೆಯ ಅಂಚು ಎಂಬುದು ಒಂದು ಗೋಡೆ. ಹುಲಿಯು ಓಡಾಡಿ ಬದುಕುವ ಪ್ರಾಣಿ. ಅದಕ್ಕೆ ಗೋಡೆಯು ಶತ್ರುವಿನ ಸಹಾಯಕ. ಗೋ ಆಟದ ಕಾಯಿಯು ಕದಲದೆ ನಿಂತು ಮನೆ ಕಟ್ಟಿಕೊಂಡು ಬದುಕತಕ್ಕದ್ದು; ಅದಕ್ಕೆ ಗೋಡೆಯು ಖರ್ಚಿಲ್ಲದೆ ದೊರೆತ ಆಸರೆ. ಮೂಲೆಯಲ್ಲಿ ಎರಡು ಗೋಡೆಗಳು ಮೊದಲೇ ಎದ್ದು ನಿಂತಿವೆ, ಉಳಿದೆರಡನ್ನು ಕಟ್ಟಿದರಾಯಿತು. ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು ಎಂಬುದು ಈ ಆಟದವರ ನಡುವೆ ರೂಢಿಯಲ್ಲಿರುವ ಉಪದೇಶ.

ಆ ಆರು ಕಾಯಿಗಳನ್ನು ಕಾಗದದ ಮೇಲೆ ಇಟ್ಟು ನೋಡಿರಿ. ಮಣೆಯ ಎಡಗಡೆಯ ಕೆಳಮೂಲೆಯನ್ನು ತೆಗೆದುಕೊಳ್ಳಿರಿ. ಕೆಳಗಿನಿಂದ ಎರಡನೆಯ ಗೆರೆಯ ಮೇಲೆ ಎಡ ಅಂಚಿನಿಂದ ಆರಂಭಿಸಿ ಒತ್ತಾಗಿ ನಾಲ್ಕು ಕರಿಕಾಯಿ. ಕೆಳಗಿನ ಅಂಚಿನ ಗೆರೆಯ ಮೇಲೆ ಎರಡನೆಯ ಮನೆಯಲ್ಲೊಂದು, ನಾಲ್ಕನೆಯ ಮನೆಯಲ್ಲೊಂದು ಕರಿಕಾಯಿ. ಅಂಚಿನ ಗೆರೆಯ ಒಂದನೆಯ ಮತ್ತು ಮೂರನೆಯ ಮನೆಗಳು ಬರಿದಾಗಿ ಉಳಿದವು. ಇವೇ ಎರಡು ಕಣ್ಣುಗಳು. ಇನ್ನು ಬಿಳಿಯವನು ಏನು ಮಾಡಿದರೂ ಈ ಆರು ಕಾಯಿ ಅಲುಗವು.

ಈಗ ಒಂದು ಪರೀಕ್ಷೆ. ಎರಡನೆಯ ಗೆರೆಯ ನಾಲ್ಕನೆಯ ಕಾಯಿಯನ್ನು ತೆಗೆದು ಅಲ್ಲಿ ಬಿಳಿಯದನ್ನಿಡಿರಿ. ಅಂಚಿನ ಗೆರೆಯ ಐದನೆಯ ಮನೆಗೂ ಬಿಳಿಕಾಯಿ ಬಂದಿತೆನ್ನಿರಿ. ಅಂಚಿನ ನಾಲ್ಕನೆಯ ಮನೆಯ ಕರಿಕಾಯಿಗೆ ಉಳಿದ ಉಸಿರು ಆ ಮೂರನೆಯ ಮನೆಯೊಂದೇ. ಬಿಳಿಯವನು ಅಲ್ಲಿ ಇಟ್ಟು ಅದನ್ನು ಸೆರೆಹಿಡಿಯಬಲ್ಲನು. ತಪ್ಪಿಸಿಕೊಳ್ಳಬೇಕಾದರೆ ಕರಿಯವನು ತನ್ನ ಕಣ್ಣನ್ನು ತಾನೇ ಮುಚ್ಚಿಕೊಳ್ಳಬೇಕು. ಎರಡರಲ್ಲಿ ಯಾವುದಾದರೂ ಉಳಿಯುವುದು ಒಂದೇ ಕಣ್ಣು, ಗುಂಪು ಸತ್ತಂತೆಯೇ. ಹೀಗೆ ಕಣ್ಣಿನಂತೆ ಕಂಡು ಕಣ್ಣಲ್ಲದುದನ್ನು ‘ಹುಸಿಗಣ್ಣು’ ಎನ್ನಬಹುದು. ಕಲಿಯುವವರು ಮೊದಲು ಗುರುತಿಸಲು ಕಲಿಯತಕ್ಕದ್ದು ಇದನ್ನೇ.

ಎರಡನೆಯ ಗೆರೆಯ ಮೇಲೆ ಸಾಲಾಗಿ ನಿಂತ ಗುಂಪುಗಳ ವಿಷಯದಲ್ಲಿ ಒಂದು ಹಳೆಯ ಸೂತ್ರವುಂಟು: ಅಂಚಿನಲ್ಲಿ ಆರು ಸಾಯುತ್ತದೆ, ಎಂಟು ಬದುಕುತ್ತದೆ, ಮೂಲೆಯಲ್ಲಿ ನಾಲ್ಕು ಸಾಯುತ್ತದೆ, ಆರು ಬದುಕುತ್ತದೆ. ಮೂಲೆಯ ಲೆಕ್ಕವನ್ನು ಪರೀಕ್ಷಿಸೋಣ. ಎಡ ಅಂಚಿನಿಂದ ಆರಂಭಿಸಿ ಆರು ಕರಿಕಾಯಿಗಳು ಸಾಲಾಗಿವೆ. ಹೊರಗೆಲ್ಲ ಬಿಳಿಯ ಮುತ್ತಿಗೆ. ಬಿಳಿಯವನು ಅಂಚಿನ ಗೆರೆಯ ಆರನೆಯ ಮನೆಗೆ ನುಗ್ಗಿದರೆ ಕರಿಯವನು ಐದನೆಯದರಲ್ಲಿ ತಡೆಯುತ್ತಾನೆ. ಒಳಗೆ ಸಾಲಾಗಿ ನಾಲ್ಕು ಮನೆಗಳು ಉಳಿದವು. ಅವುಗಳಲ್ಲಿ ನಡುವಿನವು ಎರಡು. ಬಿಳಿಯವನು ಒಂದನ್ನು ಹಿಡಿದರೆ ಕರಿಯವನು ಇನ್ನೊಂದನ್ನು ಹಿಡಿದು ಎರಡು ಕಣ್ಣು ಮಾಡಿಕೊಳ್ಳುತ್ತಾನೆ. ಸಾಲಿನಲ್ಲಿ ಐದೇ ಕಾಯಿಗಳಿದ್ದರೆ ಇದೇ ನುಗ್ಗುವಿಕೆಯಿಂದ ಒಳಗೆ ಮೂರು ಮನೆಗಳು ಮಾತ್ರ ಉಳಿಯುತ್ತವೆ. ಬಿಳಿಯವನು ನಡುಮನೆಯನ್ನು ಹಿಡಿದನೆಂದರೆ ಮುಗಿಯಿತು. ಆದರೆ ಸರದಿ ಕರಿಯವನದಾಗಿದ್ದರೆ ಅವನು ಮೊದಲೇ ಐದನೆಯ ಮನೆಯನ್ನು ಕಟ್ಟಿ ಬದುಕುತ್ತಾನೆ. ನಾಲ್ಕು ಕಾಯಿಗಳ ಸಾಲಂತೂ ಸರದಿ ತನ್ನದಾದರೂ ಬದುಕದು. ಆದುದರಿಂದ ನಾಲ್ಕರಲ್ಲಿ ಆಡಿ ಫಲವಿಲ್ಲ, ಆರರಲ್ಲಿ ಆಡಬೇಕಾದ ಅಗತ್ಯವಿಲ್ಲ, ಐದರಲ್ಲಿ ಮಾತ್ರ ತಡಮಾಡಕೂಡದು. ಎಲ್ಲಿ ಶ್ರಮಪಡಬೇಕು, ಎಲ್ಲಿ ಕೈಬಿಡಬೇಕು, ಎಲ್ಲಿ ನಿಶ್ಚಿಂತನಾಗಿರಬೇಕು ಎಂಬ ವಿವೇಕವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಪಾಠವನ್ನು ನಾವು ಕಂಡಿಲ್ಲ. ಸತ್ತ ಗುಂಪಿಗೆ ಕಾಯಿಯ ಮೇಲೆ ಕಾಯಿ ಸುರಿಯುವುದೂ, ಬದುಕಿದ ಗುಂಪಿಗೆ ಹೆದರಿ ಮತ್ತೊಂದು ಕಾಯಿ ಸೇರಿಸುವುದೂ ಹೊಸಬರ ಸೋಲಿಗೆ ಮುಖ್ಯ ಕಾರಣಗಳು.

ಮೂಲೆಯ ಮೋಸ

ಮೂಲೆಯಲ್ಲಿ ಬದುಕು ಅಗ್ಗವೆಂದು ಹೇಳಿದೆವು. ಅದರಿಂದಲೇ ಅಲ್ಲಿ ಮೈಮರೆಯುವ ಅಪಾಯವೂ ಉಂಟು. ಒಳಗೆ ಜಾಗ ವಿಶಾಲವಾಗಿದೆಯೆಂಬ ಮಾತ್ರಕ್ಕೆ ಗುಂಪು ಬದುಕಿತೆಂದು ತಿಳಿಯಬಾರದು. ನಾಲ್ಕು ಮನೆ ಸಾಲಾಗಿದ್ದರೆ ಬದುಕು. ಅದೇ ನಾಲ್ಕು ಮನೆ ಚೌಕವಾಗಿದ್ದರೆ ಸಾವು. ಚೌಕದೊಳಗೆ ಕರಿಯವನು ತಾನೇ ಒಂದು ಕಾಯಿಯನ್ನಿಟ್ಟರೂ ಉಳಿದ ಮೂರು ಮನೆಗಳ ತಿರುವನ್ನು ಬಿಳಿಯವನು ಹಿಡಿಯುತ್ತಾನೆ. ಎರಡು ಕಣ್ಣಾಗಲು ಎಡೆಯೇ ಇಲ್ಲ.

ಇದಕ್ಕಿಂತಲೂ ಆಶ್ಚರ್ಯಕರವಾದುದು ‘ಬಡಗಿಯ ಮೂಲೆಮಟ್ಟ’ ಎಂಬ ಹೆಸರಿನ ಆಕಾರ. ಮೂಲೆಯಲ್ಲಿ ಮೂರು ಸಾಲಿಗೆ ಮೂರು ಮನೆಯಂತೆ 9 ಮನೆಗಳ ಚೌಕವನ್ನು ಕರಿಯವನು ಬಳಸಿಕೊಂಡಿದ್ದಾನೆ. ನೋಡಿದರೆ ಅರಮನೆಯಂತಿದೆ. ಆದರೆ ಬಿಳಿಯವನು ಒಂಬತ್ತರ ನಟ್ಟನಡುವೆ ಒಂದು ಕಾಯಿಯನ್ನಿಟ್ಟು ಸರಿಯಾಗಿ ಆಡಿದರೆ ಆ ಗುಂಪಿನ ಪ್ರಾಣವು ತಕ್ಕಡಿಯಲ್ಲಿ ತೂಗತೊಡಗುತ್ತದೆ. ನುರಿತವರೂ ಎಡವುವಷ್ಟು ಇದರ ಕವಲುಗಳು ಜಟಿಲವಾಗಿವೆ. ಬೇರೆ ಬೇರೆಯಾದ ಎರಡೇ ಮನೆಗಳು ಬದುಕಿಸುತ್ತವೆ. ಒಡೆಯದೆ ಬಿಟ್ಟ ಒಂಬತ್ತು ಮನೆಗಳು ಬದುಕಿಸಲಾರವು. ಬದುಕು ನಿಂತಿರುವುದು ಜಾಗದ ಅಳತೆಯ ಮೇಲೂ ಅಲ್ಲ, ಕಾಯಿಗಳ ಸಂಖ್ಯೆಯ ಮೇಲೂ ಅಲ್ಲ. ಎದುರಾಳಿಯು ಏಕಕಾಲಕ್ಕೆ ಮುಚ್ಚಲಾಗದ ಎರಡು ಎಡೆಗಳ ಮೇಲೆ.

ಮೂಲೆಯಲ್ಲಿ ಉಸಿರು ಕಡಮೆಯಾದುದರಿಂದ ಹಲವು ವಿಚಿತ್ರಗಳು ಅಲ್ಲಿ ನಡೆಯುತ್ತವೆ. ಮೂಲೆಯ ಪಕ್ಕದಲ್ಲಿ, ಅಂಚಿನ ಗೆರೆಯ ಎರಡನೆಯ ಮನೆಯಲ್ಲಿ ಅದ್ಭುತಗಳು ಅಡಗಿವೆಯೆಂಬ ನಾಣ್ಣುಡಿಯೇ ಜಪಾನಿನಲ್ಲಿದೆ. ಅಂಥ ವಿಚಿತ್ರಗಳಲ್ಲಿ ಮುಖ್ಯವಾದುದು ‘ಕೋ’. ಕರಿಯವನು ಬಿಳಿಯ ಒಂದು ಕಾಯಿಯನ್ನು ಹಿಡಿದ ಕೂಡಲೆ ಬಿಳಿಯವನು ಹಿಡಿದ ಆ ಕರಿಕಾಯಿಯನ್ನೇ ಮರಳಿ ಹಿಡಿಯಬಲ್ಲ ಸ್ಥಿತಿಯಿದು. ಬಿಟ್ಟರೆ ಇಬ್ಬರೂ ಯುಗಾಂತರದವರೆಗೆ ಹಿಡಿಯುತ್ತಲೇ ಇರಬಹುದು. ಆದುದರಿಂದ ಮರಳಿ ಹಿಡಿಯುವವನು ನಡುವೆ ಬೇರೆಡೆಯಲ್ಲಿ ಒಂದು ಕಾಯಿಯನ್ನು ಇಡಲೇಬೇಕೆಂಬ ನಿಯಮವುಂಟು. ಅವನು ಎಲ್ಲಿಯಾದರೂ ದೊಡ್ಡ ಬೆದರಿಕೆಯೊಡ್ಡಿ, ಎದುರಾಳಿಯು ಅದಕ್ಕೆ ಉತ್ತರ ಕೊಡುತ್ತಿರುವಾಗ ಹಿಂದಿರುಗಿ ಹಿಡಿಯುತ್ತಾನೆ. ಈ ‘ಕೋ’ ಎಂಬುದನ್ನು ಬರೆಯುವ ಚೀನೀ ಅಕ್ಷರವು ಬೌದ್ಧ ಗ್ರಂಥಗಳಲ್ಲಿ ನಮ್ಮ ಸಂಸ್ಕೃತದ ‘ಕಲ್ಪ’ ಶಬ್ದಕ್ಕೆ ಬಳಸುವ ಅಕ್ಷರವೇ ಆಗಿದೆ. ಮುಗಿಯದ ಕಾಲವನ್ನು ಸೂಚಿಸುವ ಭಾರತದ ಶಬ್ದವೊಂದು ಮುಗಿಯದ ಸೆಣಸಾಟದ ಹೆಸರಾಗಿ ಆ ಮಣೆಯ ಮೇಲೆ ನೆಲಸಿರುವುದು ನಮಗೆ ಸಂತೋಷದ ವಿಷಯ. ಬಡಗಿಯ ಮೂಲೆಮಟ್ಟದ ಜಗಳವೂ ಸಾಮಾನ್ಯವಾಗಿ ಕೋದಲ್ಲಿಯೇ ಬಂದು ನಿಲ್ಲುತ್ತದೆ.

ಇನ್ನೊಂದು ವಿಚಿತ್ರವು ‘ಮೂಲೆಯ ಬಾಗಿದ ನಾಲ್ಕು’. ಮುತ್ತಿಗೆ ಹಾಕಿದವನ ಕಾಯಿಗಳು ಮೂಲೆಯೊಳಗೆ ನುಗ್ಗಿ, ಸೆರೆಯಾದರೆ ಬಾಗಿದ ನಾಲ್ಕು ಮನೆಗಳನ್ನು ಬಿಟ್ಟುಹೋಗುವಂತೆ ಕುಳಿತಿರುತ್ತವೆ. ಅಂಥ ನಾಲ್ಕು ಮನೆಗಳು ಮಣೆಯ ನಡುವೆಯಾದರೆ ಬದುಕಿಸುತ್ತವೆ. ಮೂಲೆಯಲ್ಲಾದರೆ ಕೋ ಜಗಳವನ್ನು ತರುತ್ತವೆ. ಆ ಜಗಳವನ್ನು ಆರಂಭಿಸುವ ಅಧಿಕಾರವು ಮುತ್ತಿಗೆದಾರನದು ಮಾತ್ರ. ಅವನು ಆಟದ ಕೊನೆಯವರೆಗೆ ಕಾದು, ಬೇರೆಡೆಯ ಬೆದರಿಕೆಗಳನ್ನೆಲ್ಲ ತೀರಿಸಿಕೊಂಡು ಆಮೇಲೆ ಕೈಹಾಕಬಲ್ಲನು. ಹೀಗಿರುವುದರಿಂದ ಜಪಾನೀ ನಿಯಮದಲ್ಲಿ ಆ ಗುಂಪನ್ನು ಆಡದೆಯೇ ಸತ್ತುದೆಂದು ಎಣಿಸುತ್ತಾರೆ; ಚೀನೀ ನಿಯಮದಲ್ಲಿ ಆಡಿ ತೋರಿಸಬೇಕು.

ಮನಸ್ಸಿನಲ್ಲಿ ಆಡುವ ಅಭ್ಯಾಸ

ಈ ಬಗೆಯ ಸಮಸ್ಯೆಗಳನ್ನು ಸಂಗ್ರಹಿಸಿದ ಗ್ರಂಥಗಳು ಚೀನದಲ್ಲಿಯೂ ಜಪಾನಿನಲ್ಲಿಯೂ ಹಲವು ಶತಮಾನಗಳಿಂದ ಬಂದಿವೆ. ಜಪಾನಿನಲ್ಲಿ 1713ರಲ್ಲಿ ಸಂಕಲಿತವಾದ ‘ಇಗೋ ಹತ್ಸುಯೋರೋನ್’ ಎಂಬುದು ಅತಿ ಕಠಿನವಾದ ಸಂಗ್ರಹವೆಂದು ಹೆಸರಾಗಿದೆ. ಕಲಿಯುವವನು ಕಾಯಿಗಳನ್ನು ಮುಟ್ಟದೆ, ‘ನಾನು ಇಲ್ಲಿಟ್ಟರೆ ಅವನು ಅಲ್ಲಿಡುತ್ತಾನೆ’ ಎಂದು ಕೊನೆಯವರೆಗೆ ಮನಸ್ಸಿನಲ್ಲಿಯೇ ಓದಬೇಕೆಂಬುದು ಪದ್ಧತಿ. ಚೀನದ ತತ್ತ್ವಜ್ಞಾನಿ ಮೆನ್ಸಿಯಸನ ಗ್ರಂಥದಲ್ಲಿ ಒಂದು ದೃಷ್ಟಾಂತವಿದೆ. ದೇಶದಲ್ಲಿಯೇ ಶ್ರೇಷ್ಠನಾದ ಆಟಗಾರನೊಬ್ಬನು ಇಬ್ಬರಿಗೆ ಕಲಿಸುತ್ತಿದ್ದನು. ಒಬ್ಬನು ಗುರುವಿನ ಮಾತನ್ನೇ ಮನವಿಟ್ಟು ಕೇಳುತ್ತಿದ್ದನು. ಇನ್ನೊಬ್ಬನ ಕಿವಿ ಮಾತ್ರ ಇಲ್ಲಿ. ಮನಸ್ಸೆಲ್ಲ ಹಾರಿ ಬರಲಿರುವ ಹಂಸದ ಮೇಲೆ, ಅದಕ್ಕೆ ಹೂಡಬೇಕಾದ ಬಾಣದ ಮೇಲೆ. ಎರಡನೆಯವನು ಹಿಂದೆ ಬಿದ್ದುದು ಬುದ್ಧಿ ಕಡಮೆಯಾಗಿದ್ದುದರಿಂದಲ್ಲವೆಂಬುದು ಅದರ ತಾತ್ಪರ್ಯ. ಕಿಟಕಿಯಾಚೆ ಲೋಕಲ್ ಗಾಡಿಯ ಸದ್ದು ಕೇಳಿದೊಡನೆ ತಲೆಯೆತ್ತುವ ನಮ್ಮ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುವುದು.

ಮೂಲೆಯ ಬದುಕಿಗೆ ಬೆಲೆ ಎಷ್ಟು ಎಂಬ ಚರ್ಚೆಯು ಇಂದಿಗೂ ನಿಂತಿಲ್ಲ. ಎರಡು ಅಂಚುಗಳಿಂದಲೂ ಮೂರನೆಯ ಗೆರೆಗಳು ಕೂಡುವ ಮನೆಗೆ ನುಗ್ಗಿದವನು ಸಾಮಾನ್ಯವಾಗಿ ಮೂಲೆಯಲ್ಲಿ ಬದುಕಿಕೊಳ್ಳುತ್ತಾನೆ. ಆದರೆ ಎದುರಾಳಿಗೆ ಹೊರಗೆ ಬಲವಾದ ಗೋಡೆಯನ್ನು ಬಿಟ್ಟುಕೊಡುತ್ತಾನೆ. ಆದುದರಿಂದ ಆಟದ ಆರಂಭದಲ್ಲಿಯೇ ಹೀಗೆ ನುಗ್ಗುವುದು ಸಲ್ಲದೆಂದು ಬಹುಕಾಲ ಕಲಿಸುತ್ತ ಬಂದರು. 2016ರ ಮಾರ್ಚಿಯಲ್ಲಿ ಸಿಯೋಲ್ ನಗರದಲ್ಲಿ ‘ಆಲ್ಫಾಗೋ’ ಎಂಬ ಗಣಕಯಂತ್ರದ ಕ್ರಮವು ಕೊರಿಯದ ಪ್ರಸಿದ್ಧ ಆಟಗಾರ ಲೀ ಸೆಡೋಲನನ್ನು 4-1ರಿಂದ ಸೋಲಿಸಿತು. ಅದರ ಮುಂದಿನ ರೂಪವು ಆರಂಭದಲ್ಲಿಯೇ ಮೂಲೆಗೆ ನುಗ್ಗಿ ಗೆಲ್ಲತೊಡಗಿದ ಮೇಲೆ ನುರಿತ ಆಟಗಾರರೂ ಆ ದಾರಿಯನ್ನು ಹಿಡಿದರು. ಇಷ್ಟು ಹಳೆಯ ಆಟದಲ್ಲಿಯೂ ಮೂಲೆಯು ಹೊಸದನ್ನು ಹೇಳಬಲ್ಲುದಾಯಿತು.

ಇನ್ನು ನಮ್ಮ ಮಾತು. ನಾವು ಹುಟ್ಟೂರನ್ನು ಬಿಟ್ಟು ಈ ಮಹಾನಗರದ ಒಂದು ಮೂಲೆಯಲ್ಲಿ ಕನ್ನಡವನ್ನಿಟ್ಟುಕೊಂಡು ಬಾಳುತ್ತಿರುವವರು. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಉಡುಪಿಯವರ ಊಟದ ಮನೆಗಳಿವೆ, ಬೀದಿಯಲ್ಲಿ ನಮ್ಮ ಮಾತು ಕಿವಿಗೆ ಬೀಳುತ್ತದೆ. ಆದರೆ ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಹಿಂದಿನಷ್ಟಿಲ್ಲ. ‘ನೀವು ಎಷ್ಟು ಮಂದಿ?’ ಎಂದು ಕೇಳುವವರು ಬಹಳ. ಗೋ ಮಣೆಯು ಕೇಳುವ ಪ್ರಶ್ನೆ ಬೇರೆ: ನಿಮಗೆ ಎಷ್ಟು ಕಣ್ಣು? ಮನೆಯಲ್ಲಿ ಆಡುವ ಕನ್ನಡವು ಒಂದು ಕಣ್ಣು. ಓದಿ ಬರೆಯುವ ಕನ್ನಡವು ಇನ್ನೊಂದು. ಮನೆಮಾತು ಮಾತ್ರ ಉಳಿದರೆ ಒಂದು ತಲೆಮಾರಿನಲ್ಲಿ ಅದು ಮುಚ್ಚಿಹೋಗುವುದು. ಪುಸ್ತಕದ ಮಾತು ಮಾತ್ರ ಉಳಿದರೂ ಅದೇ ಗತಿ. ಎರಡೂ ತೆರೆದಿದ್ದರೆ ಸಂಖ್ಯೆ ಸಣ್ಣದೆಂದು ಅಂಜಬೇಕಾದುದಿಲ್ಲ. ನಮ್ಮ ಸಾಲು ಈಗ ನಾಲ್ಕರದೋ, ಐದರದೋ, ಆರರದೋ ಎಂಬುದನ್ನು ಮನೆಮನೆಯವರೂ ಲೆಕ್ಕ ಹಾಕಿಕೊಳ್ಳಲಿ. ಐದರದಾಗಿದ್ದರೆ ಸರದಿ ಇನ್ನೂ ನಮ್ಮದೆಂದೇ ನಾವು ನಂಬಿದ್ದೇವೆ.

ಆಟವನ್ನು ಕಲಿಯಲಿಚ್ಛಿಸುವವರಿಗೆ ದುಬಾರಿಯಾದ ಮಣೆಯೇನೂ ಬೇಡ. ಲೆಕ್ಕದ ಪುಸ್ತಕದ ಒಂದು ಹಾಳೆಯ ಮೇಲೆ ಅಡ್ಡ 9, ಉದ್ದ 9 ಗೆರೆಗಳನ್ನೆಳೆಯಿರಿ. ಹೊಸಬರಿಗೆ ಈ ಸಣ್ಣ ಮಣೆಯೇ ವಿಹಿತ. ಕರಿಯ ಕಾಯಿಗೆ ಹುಣಿಸೆಬೀಜ, ಬಿಳಿಯದಕ್ಕೆ ಒಣ ಅವರೆಕಾಳು ಸಾಕು. ಮೊದಲು ಮೇಲೆ ಹೇಳಿದ ಆರು ಕಾಯಿಗಳನ್ನು ಮೂಲೆಯಲ್ಲಿಟ್ಟು, ಗೆಳೆಯನಿಗೆ ಎಷ್ಟು ಬೇಕಾದರೂ ಬಿಳಿಕಾಯಿಗಳನ್ನು ಕೊಟ್ಟು, ಕೊಲ್ಲಲು ಹೇಳಿರಿ. ಅವನು ಸೋತು ಕೈಕಟ್ಟಿ ಕುಳಿತ ಮೇಲೆ ಪೂರ್ಣವಾದ ಆಟವನ್ನು ಆರಂಭಿಸಬಹುದು.